ಕಾರಿಲ್ಲದ ದಾರಿಯಲ್ಲಿ ಕೈಸನ್ನೆ

ಶಿಸ್ತಿನಿಂದ ಬದುಕುವವನ ಸುತ್ತ ನಗೆಪಾಟಲಿನ ಸಂಗತಿಗಳು ನಡೆಯಬಾರದು. ನನ್ನ ಸುತ್ತ ಮಾತ್ರ ತಪ್ಪದೆ ನಡೆಯುತ್ತವೆ, ಅದೂ ನಾನು ಹಾಕಿದ ವೇಳಾಪಟ್ಟಿಗೆ ಸರಿಯಾಗಿ. ಅಮೆರಿಕದ ನ್ಯೂಜೆರ್ಸಿಯಲ್ಲಿ, ಪಿಸ್ಕಾಟವೇಯ ಟೆಲಿಕಾಂ ಕಚೇರಿಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು ನಾನು. ಇನ್ನೊಬ್ಬರ ತಪ್ಪು ಹುಡುಕುವುದು ಆಗ ವೃತ್ತಿಯಾಗಿತ್ತು; ಈಗ ಹವ್ಯಾಸವಾಗಿದೆ ಎಂಬುದು ನನ್ನ ಹೆಂಡತಿಯ ಮತ.

ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಸೈಕಲ್ ಪ್ರವಾಸ ಮಾಡಲು ನಿಶ್ಚಯಿಸಿದೆ. ಅಲ್ಲಿ ಹಳೆಯ ಕಾಲುವೆಗಳ ದಂಡೆಯ ಮೇಲೆ, ಹಳಿ ಕಿತ್ತ ರೈಲುದಾರಿಗಳ ಮೇಲೆ, ಸೈಕಲ್ಲಿಗೂ ಕಾಲ್ನಡಿಗೆಗೂ ಮಾತ್ರ ಮೀಸಲಾದ ದಾರಿಗಳಿವೆ. ಕಾರಿಗೆ ಪ್ರವೇಶವಿಲ್ಲ. ನ್ಯೂಜೆರ್ಸಿಯ ಹೆದ್ದಾರಿಗಳಲ್ಲಿ ಅರ್ಧ ಆಯುಷ್ಯ ಕಚೇರಿಗೆ ಕಮ್ಯೂಟ್ ಮಾಡಿದವನಿಗೆ ಸ್ವರ್ಗವನ್ನು ಬೇರೆ ವರ್ಣಿಸಬೇಕಾಗಿಲ್ಲ.

ಅಡ್ಡ ಬಂದವಳು ಮಗಳು. ಮ್ಯಾನ್‌ಹಟನ್ನಿನ ಆಸ್ಪತ್ರೆಯಲ್ಲಿ ಮೂಳೆ ವೈದ್ಯೆ. ನನ್ನ ಎಡ ಮಂಡಿಯ ಎಕ್ಸ್‌ರೇಯನ್ನು ಫೋನಿನಲ್ಲಿ ಇಟ್ಟುಕೊಂಡು ತಿರುಗುತ್ತಾಳೆ, ಬೇರೆಯವರು ಮಕ್ಕಳ ಫೋಟೋ ಇಟ್ಟುಕೊಳ್ಳುವಂತೆ.

"ಅಪ್ಪಾ, ಒಂದೇ ಒಂದು ಸಲ ಬಿದ್ರೂ ಸೈಕಲ್ ಡೊನೇಟ್ ಮಾಡ್ಬಿಡ್ತೀನಿ. ಆಮೇಲೆ ನೋ ಡಿಸ್ಕಷನ್."

ಮಾತು ಸಡಿಲವಾಗಿತ್ತು. ಯಾವಾಗ ಬಿದ್ದರೆ? ಎಲ್ಲಿ ಬಿದ್ದರೆ? ನಾನೇ ಕಾಗದ ತೆಗೆದುಕೊಂಡು ಸರಿಯಾಗಿ ಬರೆದೆ: "ಪ್ರಯಾಣ ಹೊರಟ ಕ್ಷಣದಿಂದ, ಸೈಕಲ್ ಮರಳಿ ಗ್ಯಾರೇಜ್ ಸೇರುವ ಕ್ಷಣದವರೆಗೆ, ಸೈಕಲ್ಲಿನಿಂದ ಬಿದ್ದವರು ಇನ್ನು ಮುಂದೆ ಸೈಕಲ್ ಹತ್ತತಕ್ಕದ್ದಲ್ಲ." ನಿಯಮವನ್ನು ಒಬ್ಬ ವ್ಯಕ್ತಿಗಾಗಿ ಬರೆಯಬಾರದು, ಎಲ್ಲರಿಗೂ ಅನ್ವಯಿಸಬೇಕು ಎಂದು ಅವಳಿಗೆ ವಿವರಿಸಿದೆ. ಇಬ್ಬರೂ ಸಹಿ ಮಾಡಿದೆವು. ಕಾಗದ ಫ್ರಿಜ್ಜಿನ ಬಾಗಿಲಿಗೇರಿತು.

ಹೀಗೆ ನನ್ನ ಸೈಕಲ್ಲಿನ ಭವಿಷ್ಯ ನನ್ನ ಸಮತೋಲನದ ಮೇಲೆ ನಿಂತಿತು.

ನಿಂಬೆಹಣ್ಣು

ಪ್ರವಾಸಿಗಳು ಮೂವರು. ನಾನು; ಕಚೇರಿಯಲ್ಲಿ ನನ್ನ ಕೈಕೆಳಗಿದ್ದ, ಈಗಲೂ ನನ್ನನ್ನು 'ಸರ' ಎಂದೇ ಕರೆಯುವ ಧಾರವಾಡದ ಮಿತ್ರ; ಮತ್ತು ಫೋರ್ಟ್ ಲೀಯಲ್ಲಿ, ಮ್ಯಾನ್‌ಹಟನ್ನಿಗೆ ದಾಟುವ ದೊಡ್ಡ ಸೇತುವೆಯ ಪಕ್ಕದ ಗಗನಚುಂಬಿಯೊಂದರಲ್ಲಿ ವಾಸಿಸುವ ಬ್ಯಾಂಕಿನ ಮಹಿಳೆ. ಆಕೆಗೆ ನಾನು 'ಅಂಕಲ್'.

ಹೊರಡುವ ದಿನ ಬೆಳಿಗ್ಗೆ ನಮ್ಮ ಮನೆಯ ಡ್ರೈವ್‌ವೇಯಲ್ಲಿ ವಾಹನಪೂಜೆ. ಸೈಕಲ್ಲಿಗೆ ವಿಭೂತಿ, ಕುಂಕುಮ, ಹ್ಯಾಂಡಲ್ಲಿಗೆ ಸೇವಂತಿಗೆ, ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣು. ಈ ಮನೆಗೆ ಬಂದ ಪ್ರತಿಯೊಂದು ಕಾರೂ ನಿಂಬೆಹಣ್ಣನ್ನು ಜಜ್ಜಿಯೇ ಹೊರಟಿದೆ. ಆದರೆ ಕಾರಿನ ತೂಕವೇ ಬೇರೆ, ಸೈಕಲ್ಲಿನ ತೂಕವೇ ಬೇರೆ ಎಂಬುದನ್ನು ನಾನಾಗಲಿ, ಹೆಂಡತಿಯಾಗಲಿ, ಮೂವತ್ತು ವರ್ಷದ ತಪಾಸಣೆಯ ಅನುಭವವಾಗಲಿ ಯೋಚಿಸಿರಲಿಲ್ಲ.

ಪೆಡಲ್ ತುಳಿದೆ. ಹಣ್ಣು ಜಜ್ಜಲಿಲ್ಲ. ಉರುಳಿತು. ಚಕ್ರ ಅದರ ಜೊತೆಗೆ ಎಡಕ್ಕೆ ಹೋಯಿತು. ನಾನು ಬಲಕ್ಕೆ ಹೋದೆ.

ಮಿತ್ರ ಓಡಿ ಬಂದ. ಮೊದಲು ನೋಡಿದ್ದು ಚಕ್ರದ ಕೆಳಗೆ. "ಸರ, ಕಾಳಜಿ ಮಾಡಬ್ಯಾಡ್ರಿ. ನಿಂಬಿಹಣ್ಣಿಗೆ ಏನೂ ಆಗಿಲ್ಲ."

ಮಗಳು ಆಗಲೇ ಫ್ರಿಜ್ಜಿನ ಕಡೆ ನಡೆದಿದ್ದಳು. ನಾನು ಹುಲ್ಲಿನ ಮೇಲೆ ಬಿದ್ದಲ್ಲಿಂದಲೇ ತಡೆದೆ. ಪೂಜೆ ಪ್ರಯಾಣವಲ್ಲ, ಪ್ರಯಾಣದ ಪೂರ್ವಸಿದ್ಧತೆ. ನನ್ನ ವೇಳಾಪಟ್ಟಿಯಂತೆ ಹೊರಡುವ ಸಮಯ ಏಳು ಗಂಟೆ. ಈಗ ಆರು ಐವತ್ತೆರಡು. ಒಪ್ಪಂದ ಇನ್ನೂ ಜಾರಿಗೆ ಬಂದಿಲ್ಲ.

ಅವಳು ಗಡಿಯಾರ ನೋಡಿದಳು. "ಫೈನ್. ಕನ್ಸಿಡರ್ ದಿಸ್ ಎ ವಾರ್ನಿಂಗ್."

ಉಳಿದಿಬ್ಬರೂ ತಮ್ಮ ಸೈಕಲ್ಲುಗಳನ್ನು ನಿಂಬೆಹಣ್ಣಿನ ಪಕ್ಕದಿಂದ ಕೈಹಿಡಿದು ನಡೆಸಿಕೊಂಡು ಹೋದರು, ಮಲಗಿದ ನಾಯಿಯನ್ನು ದಾಟುವವರಂತೆ.

ತೂಕ

ಸೈಕಲ್ ಪ್ರವಾಸದಲ್ಲಿ ಭಾರ ಶತ್ರು. ಸೈಕಲ್ಲಿನ ಚೀಲದಲ್ಲಿ ಇರಬೇಕಾದ್ದು ಹದಿನೆಂಟು ವಸ್ತುಗಳು ಮಾತ್ರ ಎಂದು ಪಟ್ಟಿ ಮಾಡಿ ಒಂದು ತಿಂಗಳ ಮೊದಲೇ ಕಳುಹಿಸಿದ್ದೆ.

ಆದರೆ ನಮ್ಮವರ ವಿಚಾರ ಬೇರೆ. ವಿಮಾನದವರು ಐವತ್ತು ಪೌಂಡ್ ಬಿಡುತ್ತಾರೆ ಎಂದರೆ ನಲವತ್ತೊಂಬತ್ತೂವರೆ ಒಯ್ಯುವುದು ಧರ್ಮ. ಉಳಿದದ್ದು ನಷ್ಟ. ಮೊದಲ ದಿನ ಕಾಲುವೆಯ ದಂಡೆಯಲ್ಲಿ ಚೀಲಗಳನ್ನು ತೆರೆಸಿ ನೋಡಿದೆ. ಮಿತ್ರನ ಚೀಲದಲ್ಲಿ ನಲವತ್ತು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ. ಬ್ಯಾಂಕಿನವರ ಚೀಲದಲ್ಲಿ ಸಣ್ಣ ಪ್ರೆಷರ್ ಕುಕ್ಕರ್.

"ಏನಮ್ಮ ಇದು?"

"ಅಂಕಲ್, ಲೈಟ್ ವೆಯ್ಟ್ ಅಂಕಲ್. ಎರಡೇ ಲೀಟರ್."

"ಒಲೆ ಎಲ್ಲಿದೆ?"

ಆಕೆ ಯೋಚಿಸಿದರು. "ಒಲೆ ಲಿಸ್ಟಲ್ಲಿ ಇರ್ಲಿಲ್ಲ ಅಂಕಲ್."

ಇಬ್ಬರಿಗೂ ಹದಿನೈದು ನಿಮಿಷ ಶಿಸ್ತಿನ ಬಗ್ಗೆ ಹೇಳಿದೆ. ನಂತರ ಮಾದರಿಗಾಗಿ ನನ್ನ ಚೀಲವನ್ನು ತೆರೆದು ತೋರಿಸಿದೆ. ಹದಿನೆಂಟು ವಸ್ತುಗಳ ಕೆಳಗೆ ಹತ್ತೊಂಬತ್ತನೆಯದು ಕಾಣಿಸಿತು: ಎರಡು ಕಿಲೋ ಗೊಜ್ಜವಲಕ್ಕಿ, ಮೇಲೆ ನನ್ನ ಜೊತೆಗಾರರಿಬ್ಬರಿಗೆ ಹೆಂಡತಿಯ ಕೈಬರಹದ ಚೀಟಿ. "ಇವರಿಗೆ ಹೇಳಬೇಡಿ. ಉಪವಾಸ ಬಿದ್ದಾರು, ಕೇಳಲ್ಲ."

ಚೀಟಿಯನ್ನು ಗಟ್ಟಿಯಾಗಿ ಓದಿದವನು ನಾನೇ.

ಬಾಗಿಲು

ನನ್ನ ವೇಳಾಪಟ್ಟಿಯಲ್ಲಿ ಊಟ ಎರಡು ಗಂಟೆಗೆ. ಎರಡಕ್ಕೆ ಸರಿಯಾಗಿ ಒಂದು ಹಳ್ಳಿ ತಲುಪಿದೆವು. ಚರ್ಚು, ಚಿನಾರ್ ಮರಗಳು, ಒಂದು ಬೆಕ್ಕು, ಒಂದು ಹೋಟೆಲು. ಮಾಲಕಿ ಬಾಗಿಲಿನಲ್ಲಿ ನಿಂತು ಕೈಗಡಿಯಾರಕ್ಕೆ ಬೆರಳಿಂದ ಎರಡು ಸಲ ಬಡಿದು ಏನೋ ಹೇಳಿದರು. ಬ್ಯಾಂಕಿನವರು ಫೋನಿನಲ್ಲಿ ಅನುವಾದ ಮಾಡಿಸಿದರು: ಅಡುಗೆಮನೆ ಒಂದೂವರೆಗೆ ಮುಚ್ಚುತ್ತದೆ, ಇನ್ನು ಸಂಜೆ ಏಳಕ್ಕೆ.

ನಾನು ವೇಳಾಪಟ್ಟಿಯ ಹಾಳೆಯನ್ನು ತೋರಿಸಿದೆ. ಅವರು ಬಾಗಿಲಿಗೆ ಅಂಟಿಸಿದ ತಮ್ಮ ಹಾಳೆಯನ್ನು ತೋರಿಸಿದರು. ನನ್ನದಕ್ಕಿಂತ ಅಚ್ಚುಕಟ್ಟಾಗಿತ್ತು. ಅಡಿಗೆರೆಗಳನ್ನು ಸ್ಕೇಲ್ ಇಟ್ಟು ಎಳೆದಿದ್ದರು.

"ಇಡೀ ಆಯುಷ್ಯದಾಗ ಮೊದಲ ಸಲ ಸರ ಲೇಟ್ ಆದ್ರು!" ಮಿತ್ರ ಹ್ಯಾಂಡಲ್ ಬಿಟ್ಟು ಕೈ ಮುಗಿದ. "ಸರ, ನಿಮಗ ಗುರು ಸಿಕ್ಕರ್ರಿ."

ಕಾಲುವೆಯ ಕಟ್ಟೆಯ ಮೇಲೆ ಕುಳಿತು ರೊಟ್ಟಿ ಮುರಿದೆವು. ಭಾರವೆಂದು ನಾನು ಬೈದ ರೊಟ್ಟಿ. ಸ್ವಲ್ಪ ಹೊತ್ತಿಗೆ ಆ ಮಾಲಕಿ ಒಂದು ಬಟ್ಟಲು ಬೆಣ್ಣೆ ತಂದು ನಮ್ಮ ಪಕ್ಕ ಇಟ್ಟರು. ಮಿತ್ರ ಅವರಿಗೊಂದು ರೊಟ್ಟಿ ಕೊಟ್ಟು, ಬೇಡವೆನ್ನುವಷ್ಟರಲ್ಲಿ ಅದರ ಮೇಲೆ ಕೆಂಪು ಖಾರವನ್ನೂ ಹಚ್ಚಿಬಿಟ್ಟ. ಅವರು ಕಚ್ಚಿದರು. ಕಣ್ಣು ಅಗಲವಾಯಿತು. ಬಿರಬಿರನೆ ಹಿಂದಿರುಗಿ ನಡೆದರು.

ಎರಡೇ ನಿಮಿಷದಲ್ಲಿ ಹೋಟೆಲಿನ ಅಡುಗೆಮನೆ ತೆರೆಯಿತು. ನೀರು ಕುಡಿಯಲು.

ನಿದ್ರೆ

ಮೂರನೆಯ ದಿನ ಬ್ಯಾಂಕಿನವರು ಬಾಡಿಹೋಗಿದ್ದರು. "ನಿದ್ದೆನೇ ಬರ್ತಿಲ್ಲ ಅಂಕಲ್. ತುಂಬಾ ಸೈಲೆಂಟ್ ಇಲ್ಲಿ." ಹಕ್ಕಿಯ ಸದ್ದು, ಎಲೆಯ ಸದ್ದು, ದೂರದಲ್ಲೊಂದು ಟ್ರ್ಯಾಕ್ಟರ್. ಇದಕ್ಕಾಗಿಯೇ ಸಾಗರ ದಾಟಿ ಬಂದದ್ದಲ್ಲವೆ ಎಂದೆ.

ಮಧ್ಯಾಹ್ನ ಊಟವಾದ ಮೇಲೆ ನೋಡಿದರೆ, ಆಕೆ ಮರದ ಕೆಳಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಗುವಿನಂತೆ ಮಲಗಿದ್ದರು. ಮುಖದಲ್ಲಿ ದಿವ್ಯ ಶಾಂತಿ. ವಿಷ್ಣು ಸಹಸ್ರನಾಮ ಕೇಳುತ್ತಿರಬೇಕೆಂದು ನನಗೆ ಗೌರವ ಹುಟ್ಟಿತು. ಎದ್ದ ಮೇಲೆ ಕೇಳಿದೆ. ಸ್ವಲ್ಪ ನಾಚಿಕೊಂಡು ಇಯರ್‌ಫೋನ್ ನನ್ನ ಕೈಗೆ ಕೊಟ್ಟರು.

ಹಾರ್ನ್. ಬ್ರೇಕ್. ಟ್ರಕ್. ಮತ್ತೆ ಹಾರ್ನ್.

"ನಮ್ಮ ಬಾಲ್ಕನಿಯಿಂದ ನನ್ನ ಹಸ್ಬೆಂಡ್ ರೆಕಾರ್ಡ್ ಮಾಡಿ ಕಳ್ಸಿದ್ದು ಅಂಕಲ್. ಸೋಮವಾರ ಬೆಳಿಗ್ಗೆ ಎಂಟು ಗಂಟೆ ಬ್ರಿಜ್ ಟ್ರಾಫಿಕ್. ಅದೇ ಬೆಸ್ಟ್."

ನಾನು ಗದರಿಸಬೇಕೆಂದಿದ್ದೆ. ಆದರೆ ಮಿತ್ರ ಅಷ್ಟರಲ್ಲಿ ಇನ್ನೊಂದು ಕಿವಿಯದನ್ನು ಸಿಕ್ಕಿಸಿಕೊಂಡು ಗೊರಕೆ ಹೊಡೆಯುತ್ತಿದ್ದ.

ಕೊನೆಯ ಕಂಬ

ಮೂವರಲ್ಲಿ ಎಲ್ಲರ ಹಿಂದೆ ಬರುವವನು ನಾನು. ತಪಾಸಣೆಗಾಗಿ. ತಿರುಗುವಾಗ, ನಿಲ್ಲುವಾಗ ನಿಯಮದಂತೆ ಕೈಸನ್ನೆ ಮಾಡುತ್ತೇನೆ.

"ಸರ, ನಿಮ್ಮ ಹಿಂದ ಯಾರ್ ಅದಾರ್ರಿ?" ಎಂದು ಮಿತ್ರ ದಿನವೂ ಕೇಳುತ್ತಿದ್ದ. "ಕಾರಿಲ್ಲ, ಮಂದಿ ಇಲ್ಲ. ಯಾರಿಗ್ರಿ ಆ ಕೈ?"

"ನಿಯಮ ನೋಡುವವರಿಗಾಗಿ ಅಲ್ಲ" ಎಂದು ದಿನವೂ ಉತ್ತರಿಸುತ್ತಿದ್ದೆ.

ಆ ದಾರಿಗಳು ಹಳ್ಳಿಯ ರಸ್ತೆಯನ್ನು ದಾಟುವ ಕಡೆಯೆಲ್ಲ ಕಾರು ನುಗ್ಗದಂತೆ ಮರದ ಕಂಬ ನೆಟ್ಟಿರುತ್ತಾರೆ. ಅಂಥ ನೂರಾರು ಕಂಬಗಳನ್ನು ಸುಸೂತ್ರವಾಗಿ ದಾಟಿದ್ದೆ. ಒಮ್ಮೆಯೂ ಬಿದ್ದಿರಲಿಲ್ಲ. ಉಳಿದಿಬ್ಬರೂ ಎರಡೆರಡು ಸಲ ಬಿದ್ದಿದ್ದರು. ದಿನಾಂಕ, ಕಾರಣ ಸಹಿತ ಬರೆದಿಟ್ಟಿದ್ದೇನೆ. ಕೊನೆಯ ದಿನ, ಕೊನೆಯ ಕಂಬ. ಅವರಿಬ್ಬರೂ ಕಾಫಿಯ ಆಸೆಗೆ ಬಹಳ ಮುಂದೆ ಹೋಗಿದ್ದರು. ನಾನು ಕಂಬವನ್ನು ಕಂಡು, ಎಡಗೈ ಇಳಿಬಿಟ್ಟು, ಹಿಂದೆ ಇಲ್ಲದ ಜಗತ್ತಿಗೆಲ್ಲ 'ನಿಲ್ಲುತ್ತಿದ್ದೇನೆ' ಎಂದು ಸೂಚಿಸಿದೆ. ಒಂದೇ ಕೈಯಲ್ಲಿ ಬ್ರೇಕ್ ಹಿಡಿದೆ. ಹಿಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು.

ಸನ್ನೆ ಸುಳ್ಳಾಗಲಿಲ್ಲ. ನಾನು ನಿಂತೆ, ತುರಿಕೆ ಗಿಡಗಳ ನಡುವೆ, ಅಂಗಾತ.

ಬೇಲಿಯಾಚೆ ಒಂದು ಬಿಳಿ ಹಸು ಮೇಯುವುದನ್ನು ನಿಲ್ಲಿಸಿ ನೋಡಿತು. ಎದ್ದು, ಧೂಳು ಕೊಡವಿ, ಕಾಫಿಯ ಅಂಗಡಿ ಸೇರಿದೆ. ಕೈ ಕೆರೆದುಕೊಳ್ಳುತ್ತಿದ್ದೆ.

"ಅಂಕಲ್, ಅಲರ್ಜಿನಾ?"

"ಹೌದು. ಗಿಡದ್ದು."

ಬಿದ್ದಿರಾ ಎಂದು ಅವರು ಕೇಳಲಿಲ್ಲ; ಬಿದ್ದೆನೆಂದು ನಾನು ಹೇಳಲಿಲ್ಲ. ಇದು ಸುಳ್ಳಲ್ಲ. ಆದರೆ ವಿಮಾನದಲ್ಲಿ ಎಂಟು ಗಂಟೆ ಕುಳಿತು ಯೋಚಿಸಿದರೂ ಇದನ್ನು ಸತ್ಯದ ಪಟ್ಟಿಗೆ ಸೇರಿಸಲಾಗಲಿಲ್ಲ.

ಗ್ಯಾರೇಜ್

ಮರುದಿನ ಮನೆಯ ಮುಂದೆ ಸೈಕಲ್ಲನ್ನು ಪೆಟ್ಟಿಗೆಯಿಂದ ತೆಗೆದು, ಜೋಡಿಸಿ, ಒರೆಸಿ ನಿಲ್ಲಿಸಿದೆ. ಇದೇ ಕೊನೆಯ ಸಲ ಒರೆಸುವುದೆಂದು ಗೊತ್ತಿದ್ದುದರಿಂದ ಎರಡು ಸಲ ಒರೆಸಿದೆ. ಮಗಳು ಬಂದಳು. ಹೇಳಿಬಿಡಬೇಕೆಂದು ಗಂಟಲು ಸರಿಪಡಿಸಿಕೊಂಡೆ.

ಅವಳಿಗೆ ಕೇಳುವ ವ್ಯವಧಾನವಿರಲಿಲ್ಲ. ನಾನು ಕಳುಹಿಸಿದ ಫೋಟೋಗಳನ್ನೆಲ್ಲ ನೋಡಿದ್ದಳು. "ಅಪ್ಪಾ, ಆ ಕೆನಾಲ್, ಆ ಮರಗಳು! ಮುಂದಿನ ವರ್ಷ ನಾನೂ ಬರ್ತೀನಿ. ರಜಾ ಕೇಳಿ ಆಯ್ತು. ಒಂದು ರೌಂಡ್ ಹೊಡೀಲಾ?" ಎಂದವಳೇ ಹತ್ತಿ ಹೊರಟುಬಿಟ್ಟಳು. ಬೀದಿಯ ತುದಿಯವರೆಗೆ ಹೋಗಿ, ನಗುತ್ತ, ನೇರವಾಗಿ ಗ್ಯಾರೇಜಿನತ್ತ ಬಂದಳು.

ಹೆಂಡತಿ ಅಷ್ಟರಲ್ಲಿ, ಊರು ಸುತ್ತಿ ಬಂದ ವಾಹನಕ್ಕೆ ದೃಷ್ಟಿ ತೆಗೆಯಬೇಕೆಂದು, ಗ್ಯಾರೇಜಿನ ಮುಂದೆ ಒಂದು ನಿಂಬೆಹಣ್ಣು ಇಟ್ಟಿದ್ದಳು.

ಹಣ್ಣು ಎಡಕ್ಕೆ. ಮಗಳು ಬಲಕ್ಕೆ.

"ದಿಸ್ ಡಸ್ ನಾಟ್ ಕೌಂಟ್!" ಎಂದಳು, ಹುಲ್ಲಿನ ಮೇಲಿಂದಲೇ.

ಎತ್ತಿ ಕೂರಿಸಿ, ಅವಳ ಮಂಡಿಗೆ ಐಸ್ ಹಿಡಿದು, ನಾನು ನಡೆದದ್ದನ್ನೆಲ್ಲ ಹೇಳಿದೆ. ಕೈಸನ್ನೆ, ಕಂಬ, ತುರಿಕೆ ಗಿಡ.

ಅವಳು ಐಸನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೇ ಹಿಡಿದುಕೊಂಡಳು. "ಯಾರು ನೋಡಿದ್ರು?"

"ಒಂದು ಹಸು."

"ನನ್ನನ್ನ?"

"ನಾನು, ನಿನ್ನಮ್ಮ, ಎದುರುಮನೆಯವರು, ಅಂಚೆಯವನು."

"ಗ್ಯಾರೇಜ್ ಎಷ್ಟು ದೂರ ಇತ್ತು?"

"ಆರು ಅಡಿ. ಅಳೆದಿದ್ದೇನೆ. ಅವಧಿ ಮುಗಿದಿರಲಿಲ್ಲ."

"ರೀ, ಅದನ್ನೂ ಅಳೆದ್ರಾ?" ಎಂದಳು ಹೆಂಡತಿ.

ಮಗಳು ಕುಂಟುತ್ತ ಎದ್ದು ಒಳಗೆ ಹೋದಳು. ಫ್ರಿಜ್ಜಿನ ಮುಂದೆ ನಿಂತು ಒಪ್ಪಂದವನ್ನು ಎರಡು ಸಲ ಓದಿದಳು. ನಂತರ ಅದನ್ನು ಕಿತ್ತು, ಅಚ್ಚುಕಟ್ಟಾಗಿ ನಾಲ್ಕು ಮಡಿಕೆ ಮಾಡಿ ಕಸದ ಡಬ್ಬಕ್ಕೆ ಹಾಕಿದಳು.

"ಅಪ್ಪಾ, ಇದನ್ನ ಬರೆದಿರೋದೇ ಸರಿ ಇಲ್ಲ."

ಎಪ್ಪತ್ತೆರಡು ವರ್ಷದಲ್ಲಿ ನನ್ನ ಬರವಣಿಗೆಯಲ್ಲಿ ಯಾರಾದರೂ ತಪ್ಪು ಹುಡುಕಿದ್ದು ಅದೇ ಮೊದಲು. ವಾದಿಸದೆ, ತಕ್ಷಣ, ಸಂಪೂರ್ಣವಾಗಿ ಒಪ್ಪಿಕೊಂಡೆ.