ಗೊಂಬೆ ಉಟ್ಟ ಸೀರೆಯನ್ನು ಗಿರಾಕಿ ಕೇಳಕೂಡದೆಂಬ ಬಗ್ಗೆ

ಗಿರಾಕಿ ನಿಯಂತ್ರಣ ವಿಭಾಗ
ಸೀರೆ ಮಳಿಗೆ, ಮಂಡಿಪೇಟೆ, ದಾವಣಗೆರೆ

ಸಂಖ್ಯೆ: ಗಿನಿವಿ/ಗೊಂಬೆ/ಹಸಿರು/07

ವಿಷಯ: ಕೊಳ್ಳಲೇಬೇಕೆಂದು ಬರುವ ಗಿರಾಕಿಗಳಿಂದ ಸಿಬ್ಬಂದಿಗೆ ಆಗುತ್ತಿರುವ ಅಡಚಣೆ.

ಉಲ್ಲೇಖ: ಹರಿಹರದ ಉಚ್ಚೆಂಗೆಮ್ಮ ಅವರು ಮಳಿಗೆಯಲ್ಲಿ ಆಡಿದ ಮಾತು.

ಸದರಿ ಉಚ್ಚೆಂಗೆಮ್ಮನವರು ಮರುದಿನದ ಮಗಳ ಸೀಮಂತಕ್ಕೆ ಕೆಂಪಂಚಿನ ಹಸಿರು ಸೀರೆ ಬೇಕೆಂದು ಬಸ್ಸಿನಲ್ಲಿ ನಿಂತೇ ಬಂದು, ಸುಮ್ಮನೆ ನೋಡಿ ಹೋಗುವ ಸದುದ್ದೇಶವಿಲ್ಲದೆ, ಕೊಳ್ಳುವ ಏಕೈಕ ದುರುದ್ದೇಶದಿಂದ ಒಳಬಂದದ್ದು ವಿಚಾರಣೆಯಿಂದ ಸಾಬೀತಾಗಿದೆ. ಗಾಜಿನೊಳಗಿನ ಗೊಂಬೆ ಉಟ್ಟಿದ್ದ ಸೀರೆಯ ಮೇಲೆ ಅವರ ಮನಸ್ಸು ಹೋಯಿತು. ಅಂಥದ್ದು ಇನ್ನೊಂದಿರಲಿಲ್ಲ. ಮಂಡಕ್ಕಿ ಮಿರ್ಚಿಯಲ್ಲಿ ನಿರತರಾಗಿದ್ದ ಸಿಬ್ಬಂದಿ, ಗೊಂಬೆಗೆ ಉಡಿಸುವಷ್ಟರಲ್ಲಿ ಸೊಂಟ ಬಿದ್ದುಹೋಗುತ್ತದೆ, ಬಿಚ್ಚಲಾಗದು, ನೀಲಿ ಒಯ್ಯಿರಿ ಎಂದು ಕುಳಿತಲ್ಲಿಂದಲೇ ತಿಳಿಸಿದರು. ಅದಕ್ಕೆ ಆಕೆ ನೀಡಿದ ಹೇಳಿಕೆ: "ಸೀಮಂತ ಗೊಂಬಿಗಲ್ರಿ, ನನ್ನ ಮಗಳಿಗೆ. ಬಿಚ್ಚಿ ಕೊಡ್ರಿ."

ಯಾರೂ ಏಳಲಿಲ್ಲ. ಚೊಚ್ಚಲ ಬಸುರಿಗೆ ಹಸಿರು ಸೀರೆ ಇಲ್ಲದೆ ಆರತಿ ಹೇಗೆ ಎತ್ತಲಿ ಎಂದು ಮೆಟ್ಟಿಲಿಳಿಯುವಾಗ ಆಕೆಗೆ ಅಳುವೇ ಬಂತು. ಕಣ್ಣೊರೆಸಿಕೊಂಡದ್ದು ಮಳಿಗೆಯ ಕ್ಯಾಮರಾದಲ್ಲಿ ಸ್ಪಷ್ಟವಾಗಿ ದಾಖಲಾಗಿದ್ದು, ಚಿತ್ರದ ಗುಣಮಟ್ಟಕ್ಕೆ ಮೆಚ್ಚುಗೆ ವ್ಯಕ್ತವಾಗಿದೆ.

ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

1. ಗೊಂಬೆಯನ್ನು ಹಿರಿಯ ಸಿಬ್ಬಂದಿ ಎಂದು ಪರಿಗಣಿಸತಕ್ಕದ್ದು. ದಿನವಿಡೀ ನಿಂತಿದ್ದು, ಮೊಬೈಲ್ ನೋಡದೆ ದುಡಿಯುವವರು ಇಲ್ಲಿ ಬೇರಾರೂ ಇರುವುದಿಲ್ಲ.

2. ಗಿರಾಕಿಗಳು ಕೊಳ್ಳುವ ಆಸೆ ಮುಖದಲ್ಲಿ ಕಾಣದಂತೆ ಒಳಬರತಕ್ಕದ್ದು.

3. ಕೇಳಿದ ಬಣ್ಣ ಬಿಟ್ಟು ಬೇರೆ ಬಣ್ಣ ತೋರಿಸತಕ್ಕದ್ದು. ಹಟಮಾರಿ ಗಿರಾಕಿ ಅದನ್ನೂ ಒಪ್ಪಿದಲ್ಲಿ, ಯಾರಿಗೋ ಎತ್ತಿಟ್ಟಿದೆ ಎನ್ನತಕ್ಕದ್ದು.

4. ಮಿರ್ಚಿ ತಿನ್ನುವ ವೇಳೆ ಪ್ರಶ್ನೆಗಳಿಗೆ ಹುಬ್ಬಿನಿಂದ ಉತ್ತರಿಸಿದರೆ ಸಾಕು. ಎರಡೂ ಹುಬ್ಬು ಎತ್ತಿದವರಿಂದ ಅತಿ ಉಪಚಾರಕ್ಕಾಗಿ ವಿವರಣೆ ಕೇಳಲಾಗುವುದು.

5. ಎದುರಿನ ಸಣ್ಣ ಅಂಗಡಿಯ ಮೌಲಾ ಸಾಬ್ ಎಂಬುವವರು ಅದೇ ದಿನ ಉಚ್ಚೆಂಗೆಮ್ಮನವರನ್ನು ಕರೆದು ಕೂರಿಸಿ, ನೀರು ಕೊಟ್ಟು, ಅಟ್ಟದಿಂದ ಹಸಿರು ಸೀರೆ ಇಳಿಸಿ, ಗೊಂಬೆ ಇಲ್ಲದ ಕಾರಣ ಸೆರಗನ್ನು ತಾವೇ ಹೊದ್ದು, ಬಿಳಿ ಗಡ್ಡದ ಕೆಳಗೆ ಕೆಂಪಂಚು ಜೋಡಿಸಿ, "ನನ್ ಗಡ್ಡಕ್ಕೇ ಇಷ್ಟು ಒಪ್ತೈತೆ, ಮಗಳಿಗೆ ಒಪ್ಪಲ್ಲೇನವ್ವಾ?" ಎಂದಿರುತ್ತಾರೆ. ಆಕೆ ಬಿದ್ದು ಬಿದ್ದು ನಕ್ಕು ಸೀರೆ ಒಯ್ದರು. ಹೆಗಲನ್ನು ಇಂಥ ಕೆಲಸಕ್ಕೆ ಬಳಸುವುದನ್ನು ನಮ್ಮ ಸಿಬ್ಬಂದಿಗೆ ನಿಷೇಧಿಸಿದೆ.

6. ಮೊನ್ನೆ ಮೊಮ್ಮಗಳ ತೊಟ್ಟಿಲ ಶಾಸ್ತ್ರದ ಬಟ್ಟೆಗೆಂದು ಬೀಗರ ದಂಡನ್ನೇ ಕಟ್ಟಿಕೊಂಡು ಬಂದ ಆಕೆ, ನಮ್ಮ ಮೆಟ್ಟಿಲ ಮುಂದೆಯೇ ಹಾದು ಎದುರಂಗಡಿ ಹೊಕ್ಕಿದ್ದಾರೆ. ಗಮನಿಸಿದ್ದು ಗೊಂಬೆ ಮಾತ್ರ.

(ತಿಪ್ಪೇರುದ್ರಪ್ಪ)
ಮೇಲ್ವಿಚಾರಕರು
(ಮಿರ್ಚಿ ಕೈಯಾದ್ದರಿಂದ ಸಹಿ ಮಾಡಿಲ್ಲ)

ಪ್ರತಿಗಳು:
ಮಿರ್ಚಿ ಅಂಗಡಿಗೆ: ಪೊಟ್ಟಣ ಕಟ್ಟಲು.
ಮೌಲಾ ಸಾಬ್ ಅವರಿಗೆ: ಗಿರಾಕಿಗಳ ನಡುವೆ ಓದಲು ಬಿಡುವಿಲ್ಲವೆಂದು ವಾಪಸ್ ಬಂದಿದೆ.
ಗೊಂಬೆಗೆ: ಕೂಸು ಹುಟ್ಟಿ ತೊಟ್ಟಿಲಿಗೆ ಹಾಕಿಯೂ ಆಯಿತು. ತಾವು ಮುಂದಿನ ಆದೇಶದವರೆಗೆ ಸೀಮಂತದ ಸೀರೆಯಲ್ಲೇ ಮುಂದುವರಿಯುವುದು.