ಮಾವನ ಜೇಬಿನ ಅಯಸ್ಕಾಂತ

ನಮ್ಮ ಮಾವ ಪರ್ಸು ಮರೆತು ಬಸ್ ಹತ್ತಿಯಾರು, ಜೇಬಿನಲ್ಲಿ ಅಯಸ್ಕಾಂತವಿಲ್ಲದೆ ಬಚ್ಚಲಿಗೂ ಹೋಗುವವರಲ್ಲ! ಅಮ್ಮನ ತಮ್ಮ, ಟಿ. ನರಸೀಪುರದಲ್ಲಿ ಫಿಸಿಕ್ಸ್ ಮೇಷ್ಟರಾಗಿ ನಿವೃತ್ತರಾದವರು. ನಿವೃತ್ತಿಯಾಗಿದ್ದು ಶಾಲೆಯಿಂದ ಮಾತ್ರ, ಪಾಠದಿಂದಲ್ಲ. ಕೈಚೀಲದಲ್ಲಿ ತಂತಿಯ ಸುರುಳಿ ಮತ್ತು ಕರೆಂಟು ಹರಿದರೆ ಮುಳ್ಳು ಅಲ್ಲಾಡುವ ಒಂದು ಮೀಟರು ಸದಾ ಸಿದ್ಧ. ಬಸ್ಸಿನಲ್ಲಿ ಪಕ್ಕದ ಸೀಟಿನವರ ಗತಿ ಕೇಳುತ್ತೀರಾ?

"ನೋಡಿ ಸಾಮಿ, ತಂತಿ ಮುಟ್ಟೋದೇ ಬೇಡ. ಸುರುಳಿ ಒಳಕ್ಕೆ ಅಯಸ್ಕಾಂತ ಹೋಗ್ಬೇಕು, ಬರ್ಬೇಕು. ಆಗ ಕರೆಂಟು ಹುಟ್ತದೆ. ಸುಮ್ನೆ ಒಳಗೇ ಇಟ್ರೆ ಏನೂ ಇಲ್ಲ."

ಹದಿನಾರು ಎಂಬ ಊರಿಗೆ ಟಿಕೆಟ್ ತೆಗೆದಿದ್ದ ಒಬ್ಬರು ಅದರ ಹಿಂದಿನ ಸ್ಟಾಪಿನಲ್ಲೇ ಇಳಿದು ನಡೆದುಕೊಂಡು ಹೋದರು.

ಕವಲಂದೆಯ ಮದುವೆಯೊಂದರಲ್ಲಿ, ಹೆಣ್ಣಿನ ಕಡೆಯವರು ಜೋಡಿಸಿಟ್ಟ ಪಾತ್ರೆಗಳಿಗೆಲ್ಲ ಮಾವ ಅಯಸ್ಕಾಂತ ತಾಗಿಸತೊಡಗಿದರು. ಅಂಟಿದ್ದಕ್ಕೆ ತಲೆದೂಗುವುದು, ಅಂಟದ್ದಕ್ಕೆ ನಿಟ್ಟುಸಿರು. ಗಂಡಿನ ಕಡೆಯ ಹಿರಿಯರು ಪರೀಕ್ಷೆಗಿಳಿದಿದ್ದಾರೆಂದು ಹುಡುಗಿಯ ಅಪ್ಪ ಬೆವೆತು ಓಡಿಬಂದರು.

"ಬೇಡ್ದಿದ್ರೆ ಬದಲಾಯ್ಸ್ಕೊಡ್ತೀವಿ ಸಾ."

"ಪಾತ್ರೆ ಚೆನ್ನಾಗವೆ ಕಣ್ರೀ. ಅಂಟಿದ್ದು ಇಂಡಕ್ಷನ್ ಒಲೇಲಿ ಕಾಯ್ತದೆ, ಅಂಟದ್ದು ಕಾಯಲ್ಲ. ಒಲೇಲಿ ಬೆಂಕಿ ಇಲ್ವಲ್ಲ, ಪಾತ್ರೆ ತಳದಲ್ಲೇ ಕರೆಂಟು ಹುಟ್ಬೇಕು."

"ತಾವು ಗಂಡಿಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ಫಿಸಿಕ್ಸ್ ಹೇಳ್ಕೊಟ್ಟಿದ್ದೆ. ಎರಡ್ಸಲ ಫೇಲಾದ."

ಹುಡುಗಿಯ ಅಪ್ಪ ಇನ್ನೊಮ್ಮೆ ಬೆವೆತರು.

ಹೋದ ವರ್ಷ ಅಪ್ಪ ತೀರಿಕೊಂಡ ಮೇಲೆ, ನಂಜನಗೂಡಿನ ನಮ್ಮ ಮನೆಯಲ್ಲಿ ಅಮ್ಮ ಮಾತೇ ಬಿಟ್ಟಳು. ಕರೆದರೆ ಊಟಕ್ಕೆ ಬರುವಳು, ಉಂಡು ಗೋಡೆ ನೋಡುತ್ತ ಕೂರುವಳು. ನನಗೆ ಭಯವಾಗಿತ್ತು. ಮಾವ ಪ್ರತಿ ಭಾನುವಾರ ಬೆಳಿಗ್ಗೆ ಬಂದು, ಅಕ್ಕನ ಮುಂದೆ ಸುರುಳಿ, ಮೀಟರು ಹರಡಿ, ಅದೇ ಪಾಠ ಹೇಳಿ, ಕಾಫಿ ಕುಡಿದು ಹೊರಟುಬಿಡುತ್ತಿದ್ದರು. ಅಮ್ಮ ಹೂಂ ಎಂದೂ ಅನ್ನುತ್ತಿರಲಿಲ್ಲ. ನನಗೆ ರೇಗಿತು.

"ನಾಕು ದಿನ ಇದ್ದು ಹೋಗ್ಬಾರ್ದಾ ಮಾವ?"

"ಇದ್ಬುಟ್ರೆ ಮುಳ್ಳು ಅಲ್ಲಾಡಲ್ಲ ಕಣ್ಲಾ. ಹೋಗ್ಬೇಕು, ಬರ್ಬೇಕು."



ಒಂದು ಭಾನುವಾರ ದಾರಿಯಲ್ಲಿ ಬಸ್ಸು ಕೆಟ್ಟು, ಮಧ್ಯಾಹ್ನವಾದರೂ ಮಾವನ ಸುಳಿವಿಲ್ಲ. ಗೋಡೆ ನೋಡುತ್ತಿದ್ದ ಅಮ್ಮ ಎದ್ದು ಬಾಗಿಲಿಗೆ ಬಂದಳು. ಬೀದಿಯತ್ತ ಇಣುಕಿ ಒಳಗೆ ಹೋದಳು. ಮತ್ತೆ ಬಂದಳು. ಕೊನೆಗೆ ಮಾವ ಬೆವರೊರೆಸಿಕೊಳ್ಳುತ್ತ ತಿರುವಿನಲ್ಲಿ ಕಂಡದ್ದೇ ತಡ, ಅಮ್ಮ ಬಾಯಿಬಿಟ್ಟಳು.

"ಎಲ್ಲಿ ಹಾಳಾಗೋಗಿದ್ದೆ? ಎಷ್ಟೊತ್ಲಾ ಕಾಯೋದು ನಿನ್ನ?"

ಮಾವ ಅಂದು ಚೀಲದಿಂದ ಮೀಟರು ತೆಗೆಯಲೇ ಇಲ್ಲ. ಅಕ್ಕನ ಬೈಗುಳ ಕೇಳುತ್ತ ಜಗಲಿಯ ಮೇಲೆ ಕೂತು ಅತ್ತುಬಿಟ್ಟರು. ನಾನೂ ಅತ್ತೆ.