ಆಗ್ಲಿಬಿಡಿಯವರ ಶುದ್ಧ ನೀರು

"ಅಲ್ಲಿ ಕೆಸರು ಬಣ್ಣದ ಅಂಗಿಯವರು ಇದ್ದಾರಲ್ಲ, ಅವರನ್ನ ಕೇಳಿ."

ಗ್ರಂಥಾಲಯದ ಬಾಗಿಲಲ್ಲಿ ಯಾರೋ ಯಾರಿಗೋ ಹೇಳಿದ ಈ ಮಾತು ಗ್ರಂಥಪಾಲಕ ಆಗ್ಲಿಬಿಡಿಯವರ ಕಿವಿಗೆ ಬಿತ್ತು. ಅವರು ಕುತೂಹಲದಿಂದ ಸುತ್ತ ನೋಡಿದರು. ಕೋಣೆಯಲ್ಲಿದ್ದವರು ಮೂರೇ ಜನ. ಇಬ್ಬರ ಅಂಗಿ ನೀಲಿ. ಮೂರನೆಯವರು ತಾವೇ.

ಆ ಅಂಗಿ ಕೊಂಡಾಗ ಹಾಲಿನಷ್ಟು ಬಿಳಿ ಇತ್ತು. ಅವರ ಮನೆಯ ನೀರಿನಲ್ಲಿ ಎರಡು ವರ್ಷ ಒಗೆಸಿಕೊಂಡ ಮೇಲೆ ಅದಕ್ಕೆ ಈ ಬಣ್ಣ ಬಂದಿತ್ತು. ಬೀದಿಯ ತುದಿಯಲ್ಲೊಂದು ಹಳೆಯ ಟ್ಯಾಂಕು. ಅಲ್ಲಿಂದ ಮನೆಮನೆಗೆ ನೀರು. ಆ ನೀರಿನ ಜೊತೆ ಟ್ಯಾಂಕಿನ ತುಕ್ಕೂ ಸ್ವಲ್ಪ ಸ್ವಲ್ಪ ಬಂದು, ನಲ್ಲಿ, ಬಕೆಟ್ಟು, ಬನಿಯನ್ನು ಎಲ್ಲಕ್ಕೂ ಒಂದೇ ಬಣ್ಣ ಬಳಿದು ಸಮಾನತೆ ಸಾಧಿಸಿತ್ತು.

ಅವರಿಗೊಂದು ಸರಿಯಾದ ಹೆಸರಿತ್ತು. ಆದರೆ ಹಾಳೆ ಹರಿದು ತಂದವರಿಗೂ, ಪುಸ್ತಕ ಕಳೆದವರಿಗೂ, ಕ್ಯೂನಲ್ಲಿ ತಮ್ಮನ್ನೇ ತಳ್ಳಿ ಮುಂದೆ ಹೋದವರಿಗೂ ಇಪ್ಪತ್ತೆರಡು ವರ್ಷಗಳಿಂದ "ಆಗ್ಲಿ ಬಿಡಿ" ಎಂದು ಹೇಳುತ್ತ ಬಂದದ್ದರಿಂದ ಆ ಹೆಸರನ್ನು ಎಲ್ಲರೂ ಮರೆತು ಆಗ್ಲಿಬಿಡಿಯವರೆಂದೇ ಕರೆಯುತ್ತಿದ್ದರು. ಆವತ್ತು ಮಾತ್ರ ಅವರ ಬಾಯಿಂದ ಆ ಮಾತು ಬರಲಿಲ್ಲ. ಸಂಜೆ ನೇರವಾಗಿ ಅಂಗಡಿಗೆ ಹೋಗಿ, ಇಡೀ ಮನೆಗೆ ಒಂದೇ ಸಲ ನೀರು ಶುದ್ಧ ಮಾಡುವ ದೊಡ್ಡ ಫಿಲ್ಟರು ಕೊಂಡೇಬಿಟ್ಟರು.

ಹೆಂಡತಿಗೆ ಹೇಳದೆ ಪೆಟ್ಟಿಗೆಯನ್ನು ಹಿತ್ತಲಿನಲ್ಲಿ ಬಚ್ಚಿಟ್ಟರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆ ದಿನಕ್ಕೆ ಹತ್ತು ಸಲ ಈ ನೀರನ್ನು ಬೈಯುತ್ತಿದ್ದಳು. ಆದರೆ ಇವರು ಫಿಲ್ಟರಿನ ಮಾತೆತ್ತಿದರೆ, "ಬೇಡ ಬಿಡಿ, ಇದ್ದಂಗೇ ಇರ್ಲಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಪಾಪ, ಗಂಡನಿಗೆ ಯಾಕೆ ತೊಂದರೆ ಅಂತ ಎಲ್ಲಾ ನುಂಗಿಕೊಳ್ಳುತ್ತಾಳೆ ಎಂದು ಆಗ್ಲಿಬಿಡಿಯವರು ಕರಗಿಹೋಗಿದ್ದರು. ಮರುದಿನ ರಜೆ ಹಾಕಿ, ಆಕೆ ಡ್ಯೂಟಿಗೆ ಹೋದ ಮೇಲೆ ಕೆಲಸ ಶುರುಮಾಡಿ, ಸಂಜೆ ಬರುವಷ್ಟರಲ್ಲಿ ಮುಗಿಸಿ, ನಲ್ಲಿ ತಿರುಗಿಸಿ ತೋರಿಸುವುದು ಅವರ ಯೋಜನೆ.

ಎಂಟಕ್ಕೆ ಬರುತ್ತೇನೆಂದ ಪ್ಲಂಬರ್ ಹತ್ತಕ್ಕೆ ಬಂದ. ಹಿತ್ತಲಿನ ಪೈಪುಗಳನ್ನು ನೋಡಿ, ಸಾವಿನ ಮನೆಗೆ ಬಂದವನ ಹಾಗೆ ತಲೆ ಅಲ್ಲಾಡಿಸಿದ.

"ಯಾವ ಪುಣ್ಯಾತ್ಮ ಮಾಡಿದ್ದು ಸಾರ್ ಇದನ್ನ? ಕೆಲಸ ಗೊತ್ತಿರೋರು ಮಾಡೋ ಕೆಲಸಾನಾ ಇದು?"

"ನೀವೇ," ಎಂದರು ಆಗ್ಲಿಬಿಡಿಯವರು ಮೆಲ್ಲಗೆ. "ಆರು ವರ್ಷದ ಹಿಂದೆ."

ಪ್ಲಂಬರ್ ಪೈಪನ್ನು ಪ್ರೀತಿಯಿಂದ ತಟ್ಟಿದ. "ಅದಕ್ಕೇ ನೋಡಿ ಇಷ್ಟು ದಿನ ಬಾಳಿದೆ."

ಪೆಟ್ಟಿಗೆ ಬಿಚ್ಚಿದರು. ಆಳೆತ್ತರದ ಮೂರು ನೀಲಿ ಕೊಳವೆಗಳು, ಲೆಕ್ಕವಿಲ್ಲದಷ್ಟು ಚಿಲ್ಲರೆ ತುಂಡುಗಳು. ಆಗ್ಲಿಬಿಡಿಯವರು ರಾತ್ರಿ ಹೆಂಡತಿ ಮಲಗಿದ ಮೇಲೆ ಅದರ ಕೈಪಿಡಿಯನ್ನು ಮೂರು ಸಲ ಓದಿ, ಗ್ರಂಥಾಲಯದ ಶಿಸ್ತಿನಲ್ಲಿ ಒಂದೊಂದು ತುಂಡಿಗೂ ಒಂದೊಂದು ನಂಬರಿನ ಚೀಟಿ ಅಂಟಿಸಿದ್ದರು. ಪ್ಲಂಬರ್ ಆ ಚೀಟಿಗಳನ್ನು ನೋಡಿ, ಮಗುವಿನ ಚಿತ್ರಕ್ಕೆ ನಗುವಂತೆ ನಕ್ಕ.

"ಒಂದು ಟೀ ಬೇಕಲ್ಲ ಸಾರ್ ಮೊದಲು."

ಆಗ್ಲಿಬಿಡಿಯವರು ಒಳಗೆ ಹೋಗಿ ಟೀ ಕಾಸಿ ತಂದರು. ಆತ ನೆಮ್ಮದಿಯಾಗಿ ಕುಡಿದು ಲೋಟ ಕೆಳಗಿಟ್ಟ. "ಚೆನ್ನಾಗಿತ್ತು. ಈಗ ಆ ಇನ್ನೊಂದು ಟೀ, ಪೈಪಿನ ಮಧ್ಯೆ ಹಾಕೋದು, ಅಂಗಡಿಯಿಂದ ತನ್ನಿ."

ಅವರು ಅದನ್ನು ತೆಗೆದುಕೊಂಡು ಬರುವಷ್ಟರಲ್ಲಿ ಹಿತ್ತಲಿನಲ್ಲಿ ಸಭೆ ಸೇರಿತ್ತು. ಎಡಮನೆಯ ಇಂಜಿನಿಯರು ಕೈಕಟ್ಟಿಕೊಂಡು ಗೋಡೆ ನೋಡುತ್ತ ನಿಂತಿದ್ದರು. ಅವರು ತಮ್ಮ ನೌಕರಿಯಲ್ಲಿ ಒಂದೇ ಒಂದು ಸೇತುವೆ ಕಟ್ಟಿದ್ದರು. ನಿವೃತ್ತರಾದ ಮೇಲೆ ಬೀದಿಯ ಪ್ರತಿಯೊಂದು ವಸ್ತುವನ್ನೂ ಅದೇ ಸೇತುವೆಯ ಲೆಕ್ಕದಲ್ಲಿ ಅಳೆಯುತ್ತಿದ್ದರು.

"ಈ ಗೋಡೆ ಭಾರ ತಡೆಯಲ್ಲ ಕಣ್ರೀ."

"ಮೊಳೆ ಹೊಡೆದು ಫೋಟೋ ಹಾಕಿದ್ದೀವಿ ಸಾರ್, ಒಳಗಡೆ."

"ಫೋಟೋದೊಳಗೆ ನೀರು ಹರಿಯುತ್ತಾ?" ಎನ್ನುತ್ತ ಅವರು ಗೋಡೆಗೆ ಮುಷ್ಟಿಯಿಂದ ಎರಡು ಗುದ್ದಿದರು. ಮೂರನೇ ಗುದ್ದಿಗೆ ತಟ್ಟೆಯಗಲದ ಗಾರೆ ಕಳಚಿ ಅವರ ಚಪ್ಪಲಿಯ ಮೇಲೆ ಬಿತ್ತು. "ನೋಡಿದ್ರಾ? ನಾನು ಹೇಳಲಿಲ್ವಾ!" ಎಂದರು ವಿಜಯೋತ್ಸಾಹದಲ್ಲಿ.

"ಆಗ್ಲಿ ಬಿಡಿ," ಎಂದರು ಮನೆಯ ಯಜಮಾನರು.

ಸರಿ, ಪಕ್ಕದ ಗೋಡೆಗೆ ಹಾಕುವುದೆಂದಾಯಿತು. ಬೆರಳುದ್ದ ಆಳಕ್ಕೆ ರಂಧ್ರ ಸಾಕೆಂದು ಪ್ಲಂಬರ್ ಹೇಳಿದ. ಸಾಲದು, ಅಂಗೈಯುದ್ದ ಬೇಕೆಂದು ಇಂಜಿನಿಯರು ಹಟ ಹಿಡಿದರು. ಪ್ಲಂಬರ್ ಮುನಿಸಿನಿಂದ ಡ್ರಿಲ್ ಒತ್ತಿದ. ಒತ್ತುತ್ತಲೇ ಇದ್ದ. ಒಳಗೇನೋ ದಡಬಡನೆ ಬಿದ್ದ ಸದ್ದಾಗಿ ಆಗ್ಲಿಬಿಡಿಯವರು ಅಡುಗೆಮನೆಗೆ ಓಡಿದರೆ, ಗೋಡೆಯ ಕ್ಯಾಲೆಂಡರಿನಲ್ಲಿ ಹದಿನೇಳನೇ ತಾರೀಖನ್ನು ಸೀಳಿಕೊಂಡು ಡ್ರಿಲ್ಲಿನ ಮೂತಿ ಗಿರಗಿರ ತಿರುಗುತ್ತಿತ್ತು. ಕೆಳಗಿನ ಗೂಡಿನ ಡಬ್ಬಗಳೆಲ್ಲ ನೆಲದ ಮೇಲೆ ಮಲಗಿದ್ದವು.

"ಸಾಕಾ ಆಳ?" ಎಂದು ಹೊರಗಿನಿಂದ ಪ್ಲಂಬರ್ ಕೂಗಿದ.

"ಸಾಕು! ಒಳಗೆ ಬಂದ್ಬಿಟ್ಟಿದ್ದೀರ!"

ಮುಂದಿನ ಕೆಲಸ ನೀರು ನಿಲ್ಲಿಸುವುದು. ನೆಲದ ಗುಂಡಿಯೊಳಗೆ ಎರಡು ವಾಲ್ವುಗಳಿದ್ದವು. ಯಾವುದು ಈ ಮನೆಯದೆಂದು ಆರು ವರ್ಷದ ಹಿಂದೆ ಅವನ್ನು ಹಾಕಿದವನಿಗೇ ಗೊತ್ತಿರಲಿಲ್ಲ. ಒಂದನ್ನು ಬಿಗಿಯಾಗಿ ಮುಚ್ಚಿ, ಧೈರ್ಯವಾಗಿ ಪೈಪು ಕತ್ತರಿಸಿದ.

ಆಮೇಲೆ ಎರಡು ಘಟನೆ ಒಟ್ಟಿಗೇ ನಡೆದವು. ಕತ್ತರಿಸಿದ ಪೈಪಿನಿಂದ ನೀರು ಕಾರಂಜಿಯಂತೆ ಚಿಮ್ಮಿ, ಬಗ್ಗಿ ನೋಡುತ್ತಿದ್ದ ಇಂಜಿನಿಯರ ಮುಖಕ್ಕೆ ಅಪ್ಪಳಿಸಿತು. ಬಲಮನೆಯ ಬಚ್ಚಲಿನಿಂದ "ಯಾರ್ರೀ ಅದು ನೀರು ನಿಲ್ಸಿದ್ದು!" ಎಂಬ ಗುಡುಗು ಕೇಳಿಸಿತು.

ಅದು ಟೀಚರಮ್ಮನವರ ದನಿ. ಅವರು ಮೂವತ್ತು ವರ್ಷ ಹೆಡ್‌ಮಿಸ್ ಆಗಿದ್ದವರು. ಈಗ ತಲೆ ತುಂಬ ಸೋಪಿನ ನೊರೆ, ಅದರ ಮೇಲೊಂದು ಟವೆಲು, ಕೈಯಲ್ಲಿ ಖಾಲಿ ಚೊಂಬು ಹಿಡಿದು ಕಾಂಪೌಂಡಿನ ಮೇಲೆ ಪ್ರತ್ಯಕ್ಷರಾದರು.

"ಪ್ರೆಸರ್ ಜಾಸ್ತಿ ಆಗಿ ಹಿಂಗಾಯ್ತು ಮೇಡಂ," ಎಂದ ಪ್ಲಂಬರ್, ಎರಡೂ ಕೈಯಿಂದ ಪೈಪಿನ ಬಾಯಿ ಅದುಮುತ್ತ.

"ಪ್ರೆಷರ್! ಷ! ಬಾಯಿ ಬಿಟ್ಟು ಹೇಳು, ಪ್ರೆಷರ್!"

"ಪ್ರೆಷರ್ ಮೇಡಂ."

"ಹಾಂ. ಈಗ ಆ ವಾಲ್ವ್ ಬಿಚ್ಚು!"

ಅದನ್ನು ಬಿಚ್ಚಿ ಇನ್ನೊಂದನ್ನು ಮುಚ್ಚಬೇಕು. ಅಷ್ಟು ಹೊತ್ತು ಪೈಪಿನ ಬಾಯಿ ಹಿಡಿಯುವ ಜವಾಬ್ದಾರಿ ಆಗ್ಲಿಬಿಡಿಯವರ ಹೆಬ್ಬೆರಳಿಗೆ ಬಂತು. ಸರಿಯಾಗಿ ಆಗ ಅವರ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಇಂಜಿನಿಯರು ಮುಖ ಒರೆಸುತ್ತ, ಯಾರೂ ಕೇಳದಿದ್ದರೂ, ಜೇಬಿಗೆ ಕೈಹಾಕಿ ಫೋನು ತೆಗೆದು ಅವರ ಕಿವಿಗೆ ಹಿಡಿದರು.

ಫೋನಿನಲ್ಲಿದ್ದದ್ದು ಹೆಂಡತಿಯ ಅಕ್ಕ.

ಆಕೆ ಇರುವುದು ಬಸ್ಸಿನಲ್ಲಿ ಎರಡು ಗಂಟೆಯ ದೂರದಲ್ಲಿ. ನಾಲ್ಕು ವರ್ಷದ ಹಿಂದೆ ಎರಡು ದಿನಕ್ಕೆಂದು ಬಂದು ಐದು ತಿಂಗಳು ಇದ್ದರು. ಆ ಐದು ತಿಂಗಳೂ ಆಗ್ಲಿಬಿಡಿಯವರು ನಡುಮನೆಯ ಬೆಂಚಿನ ಮೇಲೆ, ಕಾಲು ಹೊರಗೆ ಚಾಚಿ ಮಲಗಿದ್ದರು. ನೆನೆಸಿಕೊಂಡರೆ ಈಗಲೂ ಸೊಂಟ ಹಿಡಿಯುತ್ತಿತ್ತು.

"ಎಷ್ಟು ಸಲ ಬರೋಣ ಅಂತ ಹೊರಟೆನಪ್ಪ. ನಿಮ್ಮನೆ ನೀರು ನನ್ನ ಮೈಗೆ ಆಗಲ್ಲ, ಹೊಟ್ಟೆ ಕೆಡುತ್ತೆ, ಕೂದಲು ಉದುರುತ್ತೆ ಅಂತ ನನ್ನ ತಂಗಿ ಫೋನಿನಲ್ಲಿ ಅಳ್ತಾಳೆ. ನಿನ್ನೇನೂ ಅತ್ತಳು. 'ನಿನ್ನ ನೋಡ್ಬೇಕು ಅನ್ಸುತ್ತೆ ಅಕ್ಕ, ಆದ್ರೆ ಈ ಹಾಳು ನೀರಿಗೆ ನಿನ್ನ ಹೆಂಗೆ ಕರೀಲಿ' ಅಂತ."

ಹೆಬ್ಬೆರಳಿನ ಸಂದಿಯಿಂದ ಸಣ್ಣ ಧಾರೆಯೊಂದು ಎದೆಗೆ ಸುರಿಯುತ್ತಿದ್ದರೂ ಆಗ್ಲಿಬಿಡಿಯವರ ಎದೆ ಬೆಚ್ಚಗಾಯಿತು. ನೀರನ್ನು ಅಷ್ಟೊಂದು ಬೈಯುತ್ತಿದ್ದದ್ದು ಇದಕ್ಕಾ! ಒಡಹುಟ್ಟಿದವಳಿಗಾಗಿ ಒಳಗೊಳಗೇ ಕೊರಗುತ್ತಿದ್ದಳಾ! ನಡುಮನೆಯ ಬೆಂಚು ಒಂದು ಸಲ ಕಣ್ಣ ಮುಂದೆ ಬಂದುಹೋಯಿತು. ಆದರೂ ಎದೆ ಗಟ್ಟಿಮಾಡಿಕೊಂಡರು.

"ಇನ್ಮೇಲೆ ಅಳೋ ಹಂಗೇ ಇಲ್ಲ ಅತ್ತಿಗೆ. ಇವತ್ತು ಸಂಜೆಯಿಂದ ಇಡೀ ಮನೆಗೆ ಶುದ್ಧ ನೀರು. ಬಚ್ಚಲಿಗೂ! ನೀವು ಯಾವಾಗ ಬೇಕಾದ್ರೂ ಬನ್ನಿ."

ಫೋನಿನಲ್ಲಿ ಬೀರುವಿನ ಬಾಗಿಲು ತೆಗೆದ ಸದ್ದು ಕೇಳಿಸಿತು.

ಅಷ್ಟರಲ್ಲಿ ಸರಿಯಾದ ವಾಲ್ವು ಮುಚ್ಚಿತು, ಕಾರಂಜಿ ನಿಂತಿತು. ಆದರೆ ನಂಬರಿನ ಚೀಟಿಗಳೆಲ್ಲ ತೊಯ್ದು ಕಳಚಿ, ಹಿತ್ತಲಿನ ಮೋರಿಯ ಕಡೆಗೆ ಮೆರವಣಿಗೆ ಹೊರಟಿದ್ದವು. ಆಗ್ಲಿಬಿಡಿಯವರು ಹನ್ನೊಂದನೇ ನಂಬರನ್ನು ಹಿಡಿಯಲು ಹೋಗಿ ಜಾರಿ ಕುಳಿತರು. ಪ್ಲಂಬರ್ ಅಂದಾಜಿನ ಮೇಲೆ ಜೋಡಿಸತೊಡಗಿದ. ಇಂಜಿನಿಯರು ಒಂದು ತುಂಡು ಎತ್ತಿಕೊಟ್ಟರೆ ಟೀಚರಮ್ಮ ಅದನ್ನು ಕಿತ್ತುಕೊಂಡು ಇನ್ನೊಂದು ಕೊಡುತ್ತಿದ್ದರು. ಐದು ಗಂಟೆಗೆ ಎಲ್ಲಾ ಬಿಗಿದಾದ ಮೇಲೆ ಎರಡು ತುಂಡು ಉಳಿದವು.

"ಇವು?"

"ಕಂಪನಿಯವರು ಮರ್ಯಾದೆಗೆ ಅಂತ ಎರಡು ಜಾಸ್ತಿ ಹಾಕ್ತಾರೆ ಸಾರ್," ಎಂದು ಪ್ಲಂಬರ್ ಅವನ್ನು ತನ್ನ ಚೀಲಕ್ಕೆ ಹಾಕಿಕೊಂಡ.

ನಲ್ಲಿ ತಿರುಗಿಸಿದರು. ಮೊದಲು ಬಂದ ನೀರು ಫಿಲ್ಟರಿನೊಳಗಿನ ಇದ್ದಿಲಿನ ಪುಡಿಯಿಂದ ಕಪ್ಪಾಗಿತ್ತು. "ಮೊದಲೇ ಚೆನ್ನಾಗಿತ್ತು, ಕೆಂಪಗೆ," ಎಂದರು ಟೀಚರಮ್ಮ. "ಸ್ವಲ್ಪ ತಾಳಿ ಮೇಡಂ" ಎಂದ ಪ್ಲಂಬರ್. ಕಪ್ಪು ಬೂದಿಬಣ್ಣಕ್ಕೆ ತಿರುಗಿತು, ತೆಳ್ಳಗಾಯಿತು. ಕೊನೆಗೆ ಲೋಟದಲ್ಲಿ ನೀರಿದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಬೇಕು, ಅಂಥ ನೀರು ಬಂತು.

ಆಗ್ಲಿಬಿಡಿಯವರ ಕಣ್ಣಲ್ಲೂ ನೀರು ಬಂತು. ಅದು ಮಾತ್ರ ಹಳೆಯ ಸರಬರಾಜು.

ಐದೂವರೆಗೆ ಹೆಂಡತಿ ಬಂದಳು. ಹಿತ್ತಲಿನ ಕೆಸರು, ಉದುರಿದ ಗಾರೆ, ತೂತು ಬಿದ್ದ ಕ್ಯಾಲೆಂಡರು ಯಾವುದನ್ನೂ ನೋಡಲು ಬಿಡದೆ ಅವರು ಆಕೆಯನ್ನು ಮುಂದೆ ನಿಲ್ಲಿಸಿ ನಲ್ಲಿ ತಿರುಗಿಸಿದರು. ಆಕೆ ನೀರಿಗೆ ಕೈಯೊಡ್ಡಿ ನಿಂತಳು. ಮುಖ ಅರಳಿತು.

"ಅಯ್ಯೋ, ಎಷ್ಟು ಚೆನ್ನಾಗಿದೇರೀ! ನನಗೋಸ್ಕರ ಮಾಡಿಸಿದ್ರಾ?" ಅಂದವಳು ಕೂಡಲೇ ದನಿ ತಗ್ಗಿಸಿ, "ಆದ್ರೆ ಇದು ಯಾರಿಗೂ ಗೊತ್ತಾಗೋದು ಬೇಡ," ಎಂದಳು.

"ಯಾರಿಗೆ?"

"ಅಕ್ಕನಿಗೆ!"

ಆಗ್ಲಿಬಿಡಿಯವರು ನಗುತ್ತ ನಡೆದದ್ದನ್ನು ಹೇಳಿದರು. ಹೇಳುತ್ತಿದ್ದಂತೆ ಆಕೆ ಮೆಲ್ಲಗೆ ಕುರ್ಚಿ ಹುಡುಕಿ ಕುಳಿತಳು.

"ನಾಲ್ಕು ವರ್ಷದಿಂದ ಈ ನೀರಿನ ಹೆಸರು ಹೇಳಿಕೊಂಡು ತಡೆದು ಇಟ್ಟಿದ್ದೆ ಕಣ್ರೀ! ಹೋದ ಸಲ ಅಕ್ಕ ಬಂದು ಅಡುಗೆಮನೆ ತಲೆಕೆಳಗು ಮಾಡಿದ್ಲು. ಆವತ್ತು ಎಲ್ಲೋ ಇಟ್ಟ ಉಪ್ಪಿನ ಡಬ್ಬ ನನಗೆ ಇವತ್ತಿಗೂ ಸಿಕ್ಕಿಲ್ಲ!"

"ನೀನು ಅಕ್ಕ ಅಂದ್ರೆ ಜೀವ ಬಿಡ್ತೀಯ ಅಂದ್ಕೊಂಡಿದ್ದೆ."

"ಬಿಡ್ತೀನಿ. ಫೋನಿನಲ್ಲಿ!"

ಬಾಗಿಲಿನ ಗಂಟೆ ಬಡಿಯಿತು. ಹೊರಗೆ ಅಕ್ಕ. ಅವರ ಹಿಂದೆ ಆಟೋದವನು ಮೂರನೇ ಸೂಟ್‌ಕೇಸು ಇಳಿಸುತ್ತಿದ್ದ.

ಅಕ್ಕ ಕಾಲು ತೊಳೆದರು, ಮುಖ ತೊಳೆದರು, ಎರಡು ಲೋಟ ಕುಡಿದರು. "ಅಮೃತ ಕಣೆ! ನನ್ನ ಮಂಡಿನೋವಿಗೂ ಇಂಥ ನೀರೇ ಬೇಕು ಅಂತ ಡಾಕ್ಟರು ಹೇಳಿದ್ರು. ಮಂಡಿ ಪೂರ್ತಿ ಸರಿಹೋಗೋ ತನಕ ಇಲ್ಲೇ ಇದ್ಬಿಡ್ತೀನಿ," ಎಂದು ಸೀರೆ ಮಡಿಸಿಡಲು ಕೋಣೆಗೆ ಹೋದರು.

ಹೆಂಡತಿ ಗಂಡನ ಕಡೆ ನೋಡಿದಳು. ಆ ನೋಟದಲ್ಲಿ ನಡುಮನೆಯ ಬೆಂಚಿನ ಉದ್ದಗಲವೆಲ್ಲ ಇತ್ತು. ಆಗ್ಲಿಬಿಡಿಯವರು ಹಿತ್ತಲಿಗೆ ಓಡಿ, ಸಾಮಾನು ಕಟ್ಟಿಕೊಳ್ಳುತ್ತಿದ್ದ ಪ್ಲಂಬರನ ಕೈ ಹಿಡಿದರು.

"ಈ ಫಿಲ್ಟರಿಗೆ ಹೋಗದೆ ನೀರು ಮೊದಲಿನ ಹಂಗೇ ಬರೋ ಥರ ಏನಾದ್ರೂ ಇದೆಯಾ?"

ಪ್ಲಂಬರ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಮಧ್ಯದ ಹಿಡಿ ಬಿಚ್ಚಿ ಪಕ್ಕದ ಎರಡು ಮುಚ್ಚಿದ್ರೆ ಆಯ್ತು ಸಾರ್. ಬೈಪಾಸು. ಆದ್ರೆ ಯಾಕೆ ಸಾರ್?"

"ಆಗ್ಲಿ ಬಿಡಿ," ಎಂದು ಆಗ್ಲಿಬಿಡಿಯವರು ಮಧ್ಯದ ಹಿಡಿ ಬಿಚ್ಚಿದರು, ಪಕ್ಕದ ಎರಡು ಮುಚ್ಚಿದರು. ಪೈಪುಗಳು ಗೊರಗೊರ ಎಂದವು. ದಿನವಿಡೀ ಪೈಪಿನಲ್ಲಿ ನಿಂತಿದ್ದ ಬಂಡಿ ತುಕ್ಕು ಒಂದೇ ಸಲಕ್ಕೆ ಹೊರಟಿತು.

ಆಗ್ಲಿಬಿಡಿಯವರು ಒಳಗೆ ಓಡಿಬಂದು ಹೆಂಡತಿಯ ಜೊತೆ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅಕ್ಕ ಕೋಣೆಯಿಂದ ಬಂದು ಮೂರನೇ ಲೋಟಕ್ಕೆ ನಲ್ಲಿ ತಿರುಗಿಸಿದರು. ಇಟ್ಟಿಗೆ ಬಣ್ಣದ ನೀರು ಸುರಿಯಿತು. ಅಕ್ಕ ಲೋಟವನ್ನು ದೀಪಕ್ಕೆ ಹಿಡಿದರು, ಮೂಸಿದರು, ನಿಧಾನವಾಗಿ ಕೆಳಗಿಟ್ಟರು. ಗಂಡ ಹೆಂಡತಿ ಇಬ್ಬರ ಕಣ್ಣೂ ಒಂದೇ ಸಲ ಮೂರು ಸೂಟ್‌ಕೇಸುಗಳ ಕಡೆ ಹೊರಳಿದವು.

"ಛೆ ಛೆ ಛೆ!" ಎಂದರು ಅಕ್ಕ, ಸೆರಗನ್ನು ಸೊಂಟಕ್ಕೆ ಬಿಗಿಯುತ್ತ. "ಒಂದೇ ದಿನಕ್ಕೆ ಕೆಟ್ಟುಹೋಯ್ತಾ? ನಿನ್ನ ಗಂಡಂಗೆ ಯಾರೋ ಚೆನ್ನಾಗಿ ಟೋಪಿ ಹಾಕಿ ಕಳ್ಸಿದ್ದಾರೆ ಕಣೆ. ನೀನು ಬೆಳಿಗ್ಗೆ ಡ್ಯೂಟಿಗೆ ಹೋಗ್ತೀಯ, ಇವರು ಲೈಬ್ರರಿಗೆ ಹೋಗ್ತಾರೆ. ಮನೇಲಿ ನಿಂತು ರಿಪೇರಿ ಮಾಡಿಸೋರು ಯಾರು? ನಾನು ಮಂಡಿ ಸರಿಹೋದ್ಮೇಲೆ ಹೋಗೋಣ ಅಂದ್ಕೊಂಡಿದ್ದೆ. ಈಗ ಈ ಸ್ಥಿತಿಯಲ್ಲಿ ನಿಮ್ಮನ್ನ ಬಿಟ್ಟು ಹೆಂಗೆ ಹೋಗ್ಲಿ?"

ಅವರು ಡಬ್ಬಗಳನ್ನು ಒಂದೊಂದಾಗಿ ಗೂಡಿನಿಂದ ಕೆಳಗಿಳಿಸತೊಡಗಿದರು.

"ಹೋಗಪ್ಪ, ನೀನು ಮೊದಲು ಆ ಬೆಂಚಿನ ಧೂಳು ಒರೆಸಿಕೋ."